ಗೋಳಿಬಜೆ ಎಂಬ ಗ್ರಹ

ಬಂಟ್ವಾಳದ ಸೈಬರ್ ಅಂಗಡಿಯಲ್ಲಿ ನಾನು ಆಟ ಹೇಳಿಕೊಟ್ಟವರ ಪೈಕಿ ಎಲ್ಲರಿಗಿಂತ ಹಿಂದೆ ಉಳಿದವರು ಆ ಅಂಗಡಿಯ ಯಜಮಾನರು. ಕಲಿಯಲು ಬಂದ ಪ್ರತಿಯೊಬ್ಬರಿಗೂ ನಾನು ಡೈರಿಯ ಹಿಂಬದಿಯಲ್ಲಿ ಒಂದು ಪುಟ ಇಟ್ಟಿದ್ದೆ. ಯಾವತ್ತು ಶುರು ಮಾಡಿದರು, ಎಷ್ಟು ಸಲ ಹಡಗು ಕಳೆದುಕೊಂಡರು, ಯಾವ ತಪ್ಪನ್ನು ಎರಡನೇ ಸಲ ಮಾಡಿದರು ಎಂದು ಗೀಟು ಎಳೆದು ಬರೆಯುತ್ತಿದ್ದೆ. ಹುಡುಗರ ಪುಟಗಳಲ್ಲಿ ಗೀಟುಗಳು ಎರಡು ಮೂರು ವಾರಕ್ಕೆ ನಿಂತುಹೋಗುತ್ತಿದ್ದವು. ಯಜಮಾನರ ಪುಟ ತುಂಬಿ ಪಕ್ಕದ ಪುಟಕ್ಕೂ ಹೋಗಿತ್ತು.

ಈಗ ನಾನು ಬೆಳ್ತಂಗಡಿಯಲ್ಲಿ ಒಂದು ಕಚೇರಿಯ ಟೈಪಿಂಗ್ ಕೆಲಸದಲ್ಲಿ ಇದ್ದೇನೆ. ಡೈರಿ ಬರೆಯುವುದು ಬಿಟ್ಟಿಲ್ಲ, ಆಟ ಬಿಟ್ಟಿದ್ದೇನೆ. ಹಳೆಯ ಡೈರಿಗಳನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹರಡಿದ ದಿನ ಆ ಎರಡು ಪುಟಗಳು ಕಣ್ಣಿಗೆ ಬಿದ್ದವು. ಅಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಆಟದ ಬಗ್ಗೆ ಸ್ವಲ್ಪ ಹೇಳಬೇಕು. ಅದು ಇಂಟರ್‌ನೆಟ್‌ನಲ್ಲಿ ಆಡುವ ಬಾಹ್ಯಾಕಾಶದ ಆಟ. ಚಿತ್ರ ಕಡಿಮೆ, ಅಂಕಿ ಹೆಚ್ಚು. ಸೇರಿದವರಿಗೆಲ್ಲ ಒಂದೊಂದು ಗ್ರಹ ಸಿಗುತ್ತದೆ. ನೆಲ ಅಗೆದು ಲೋಹ ತೆಗೆಯಬೇಕು, ಲೋಹದಿಂದ ಹಡಗು ಕಟ್ಟಬೇಕು. ಉಳಿದ ಗ್ರಹಗಳಲ್ಲಿರುವವರು ಯಾವುದೋ ಊರಿನ, ಯಾವುದೋ ದೇಶದ ನಿಜವಾದ ಜನ. ಹಡಗು ಒಂದು ಗ್ರಹದಿಂದ ಇನ್ನೊಂದಕ್ಕೆ ಹೋಗಲು ನಮ್ಮ ಗಡಿಯಾರದ ಗಂಟೆಗಳೇ ಬೇಕು. ನಾವು ಎದ್ದು ಮನೆಗೆ ಹೋದರೂ ಆಟ ನಿಲ್ಲುವುದಿಲ್ಲ. ಅಗೆದ ಲೋಹ ರಾಶಿ ಬೀಳುತ್ತಲೇ ಇರುತ್ತದೆ, ಬಲ ಇದ್ದವರು ಬಂದು ಅದನ್ನು ದೋಚಿಕೊಂಡು ಹೋಗಬಹುದು, ಗ್ರಹದಲ್ಲಿ ನಿಂತಿರುವ ಹಡಗುಗಳನ್ನು ಒಡೆದೂ ಹಾಕಬಹುದು. ಹಾರುತ್ತಿರುವ ಹಡಗನ್ನು ಮಾತ್ರ ಯಾರೂ ಮುಟ್ಟಲಾರರು.

ಹಾಗಾಗಿ ಹೊಸಬರಿಗೆ ಮೊದಲ ಪಾಠ ಇದು: ಕುರ್ಚಿಯಿಂದ ಏಳುವ ಮೊದಲು ಹಡಗುಗಳನ್ನು ಎಲ್ಲಿಗಾದರೂ ಕಳಿಸಿಬಿಡಬೇಕು, ನಾವು ತಿರುಗಿ ಬಂದು ಕೂರುವ ಹೊತ್ತಿಗೆ ಅವು ಮರಳುವಂತಿರಬೇಕು. ಕೇಳಲು ಸುಲಭ. ಬಂಟ್ವಾಳದಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಸಿದ್ದಕಟ್ಟೆಯ ಮೇಲೆ ಬರುವ ಬಸ್ಸು ತಪ್ಪಿದರೆ ಎಷ್ಟು ತಡವಾಗುತ್ತದೆ, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಶಟರ್ ಎಷ್ಟು ಹೊತ್ತು ಎಳೆದಿರುತ್ತದೆ, ಎಲ್ಲವನ್ನೂ ಕೂಡಿಸಿ ಕಳೆದು ಹಡಗು ಬಿಡಬೇಕಿತ್ತು. ಹೊಸಬರು ಹೆಚ್ಚಾಗಿ ಹಡಗು ಕಳೆದುಕೊಳ್ಳುತ್ತಿದ್ದದ್ದು ಶುಕ್ರವಾರವೇ.

ನನಗೆ ಈ ಪಾಠ ಹೇಳಿಕೊಟ್ಟವರು ಅಂಗಡಿಯ ಇನ್ನೊಬ್ಬ ಪಾಲುದಾರರು, ಮೂಡುಬಿದಿರೆಯವರು. ಅಂಗಡಿ ಇಬ್ಬರದ್ದೂ ಆಗಿತ್ತು. ಯಜಮಾನರು ಬಂಟ್ವಾಳ ಪೇಟೆಯ ಬ್ಯಾರಿ ಕುಟುಂಬದವರು, ಎಂದರೆ ನಮ್ಮ ಕರಾವಳಿಯ ಮುಸ್ಲಿಮರು, ಕೆಲವು ವರ್ಷ ಗಲ್ಫ್‌ನಲ್ಲಿದ್ದು ಬಂದವರು. ಮೂಡುಬಿದಿರೆಯವರು ಜೈನರು, ಅವರ ತಂದೆ ಒಂದು ಬಸದಿಯ ಪೂಜೆ ಮಾಡುತ್ತಿದ್ದರು. ಇಬ್ಬರೂ ಪಿಯುಸಿಯಲ್ಲಿ ಒಂದೇ ಬೆಂಚಿನವರು. ಗಿರಾಕಿಗಳನ್ನು ನೋಡಿಕೊಳ್ಳುವುದು ಯಜಮಾನರ ಪಾಲು, ಕೆಟ್ಟ ಕಂಪ್ಯೂಟರ್ ಬಿಚ್ಚುವುದು ಮೂಡುಬಿದಿರೆಯವರ ಪಾಲು. 2005ರಲ್ಲಿ ನಾನು ಡಿಗ್ರಿಗೆ ಸೇರಿದಾಗ ಮಧ್ಯಾಹ್ನದ ಮೇಲೆ ಬಯೋಡಾಟ, ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡಲು ಅಲ್ಲಿ ಕೆಲಸಕ್ಕೆ ನಿಂತೆ. ಇಬ್ಬರನ್ನೂ ಅಣ್ಣ ಎನ್ನುತ್ತಿದ್ದೆ. ಹುಡುಗರು ಯಜಮಾನರನ್ನು ಕಾಕ ಎಂದು ಕರೆಯುತ್ತಿದ್ದರು.

ದಿನಾ ಸಂಜೆ ಆರು ಗಂಟೆಗೆ ಎದುರಿನ ಹೋಟೆಲಿನಿಂದ ಚಾ ಮತ್ತು ಮೈದಾಹಿಟ್ಟಿನ ಉಂಡೆ ಕರಿದು ಮಾಡುವ ಗೋಳಿಬಜೆ ಒಂದು ಪ್ಲೇಟು ಬರುತ್ತಿತ್ತು. ಆರು ಗಂಟೆಯೇ ಯಾಕೆಂದರೆ ಮೂಡುಬಿದಿರೆಯವರು ಕತ್ತಲಾದ ಮೇಲೆ ತಿನ್ನುವುದಿಲ್ಲ. ಅವರ ಮನೆಯಲ್ಲಿ ಎಲ್ಲರೂ ಹಾಗೆ.

"ಓ ಇಂದ್ರರೇ, ಸೂರ್ಯ ಮುಳುಗ್ತಾ ಇದ್ದಾನೆ, ಬೇಗ ನುಂಗಿ. ಇಲ್ಲದಿದ್ರೆ ಅದು ನನ್ನ ಪಾಲಿಗೆ," ಎಂದು ಯಜಮಾನರು ಕೆಣಕುತ್ತಿದ್ದರು. ನಮ್ಮ ಕಡೆ ಬಸದಿಯ ಪೂಜೆಯವರನ್ನು ಇಂದ್ರರು ಎನ್ನುತ್ತಾರೆ.

"ನಿನ್ನ ಪಾಲಿಗೆ ಯಾವತ್ತು ಕಡಿಮೆ ಆದದ್ದು ಬ್ಯಾರಿ? ಹೊಟ್ಟೆ ನೋಡಿಕೊ ಒಮ್ಮೆ."

ಯಜಮಾನರ ಉಪವಾಸದ ತಿಂಗಳು ಬಂದಾಗ ಲೆಕ್ಕ ತಪ್ಪುತ್ತಿತ್ತು. ಒಬ್ಬರು ಸೂರ್ಯ ಮುಳುಗುವ ಮೊದಲು ತಿನ್ನಬೇಕು, ಇನ್ನೊಬ್ಬರು ಮುಳುಗಿದ ಮೇಲೆ. ಆ ಒಂದು ತಿಂಗಳು ಮೂಡುಬಿದಿರೆಯವರು ಆರು ಗಂಟೆಯ ಚಾ ಬಿಟ್ಟು ಕಾಯುತ್ತಿದ್ದರು. ಯಜಮಾನರು ಮಸೀದಿಯಿಂದ ಬಂದ ಮೇಲೆ, ಏಳು ಗಂಟೆಯ ಸುಮಾರಿಗೆ, ಇಬ್ಬರೂ ಒಟ್ಟಿಗೆ ಕೂರುತ್ತಿದ್ದರು.

"ನಮ್ಮ ಮನೆಯವರು ಯಾರಾದ್ರೂ ಸಿಕ್ಕಿದ್ರೆ ಹೇಳ್ಬೇಡ ಮಾರಾಯ್ತಿ," ಎಂದು ಮೂಡುಬಿದಿರೆಯವರು ನನಗೆ ತಾಕೀತು ಮಾಡುತ್ತಿದ್ದರು. "ಚಾ ಅಂದ್ರೆ ಊಟ ಅಲ್ಲ."

"ಗೋಳಿಬಜೆ?" ಎಂದು ನಾನು ಕೇಳಿದರೆ, "ಅದು ಚಾದ ಒಳಗೇ ಬರ್ತದೆ," ಎನ್ನುತ್ತಿದ್ದರು.

ಮರುವರ್ಷ ಒಂದು ಬಂದ್ ಆಯಿತು. ಯಾಕೆ ಆಯಿತು ಎಂದು ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ಸಾಲಿನ ನಾಲ್ಕೈದು ಅಂಗಡಿಗಳಿಗೆ ಕಲ್ಲು ಬಿತ್ತು. ನಮ್ಮ ಗಾಜು ಒಡೆಯಿತು, ಶಟರ್ ಮಧ್ಯಕ್ಕೆ ಬಗ್ಗಿತು. ಮೊದಲ ಕೆಲವು ದಿನ ಬಸ್ಸೇ ಇರಲಿಲ್ಲ, ಮೂಡುಬಿದಿರೆಯವರು ಬರಲಿಲ್ಲ. ಬಸ್ಸು ಶುರುವಾದ ಮೇಲೂ ಬರಲಿಲ್ಲ. ಮನೆಯಲ್ಲಿ ಬಿಡುವುದಿಲ್ಲವಂತೆ ಎಂದು ಯಾರೋ ಹೇಳಿದರು. ಯಜಮಾನರು ಒಬ್ಬರೇ ಗಾಜು ಹಾಕಿಸಿದರು, ಶಟರ್ ನೇರ ಮಾಡಿಸಿದರು. ಅದು ಪೂರ್ತಿ ನೇರ ಆಗಲೇ ಇಲ್ಲ, ಎಳೆಯುವಾಗ ಅರ್ಧಕ್ಕೆ ಬಂದು ಕಿರುಚುತ್ತಿತ್ತು.

ಮೂರನೇ ವಾರ ಒಂದು ಮಧ್ಯಾಹ್ನ ಮೂಡುಬಿದಿರೆಯವರು ಬಾಗಿಲಲ್ಲಿ ನಿಂತಿದ್ದರು. ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ.

ಯಜಮಾನರು ಕುರ್ಚಿಯಿಂದ ಏಳದೆ ಹೇಳಿದರು: "ಅಂಗಡಿ ಉಂಟಾ, ಹೊತ್ತಿ ಹೋಯ್ತಾ ಅಂತ ನೋಡ್ಲಿಕ್ಕೆ ಬಂದದ್ದಾ? ನಿಮ್ಮವರ ಹತ್ರ ಕೇಳಿದ್ರೆ ಅವರೇ ಹೇಳ್ತಿದ್ರಲ್ಲ."

ಅಷ್ಟು ವರ್ಷದಲ್ಲಿ ಅವರ ನಡುವೆ ಬ್ಯಾರಿ, ಇಂದ್ರ ಎಂಬ ಮಾತುಗಳು ಲೆಕ್ಕವಿಲ್ಲದಷ್ಟು ಓಡಾಡಿದ್ದವು. ನಿಮ್ಮವರು ಎಂಬ ಮಾತು ಬಂದದ್ದು ಅವತ್ತೇ. ಮೂಡುಬಿದಿರೆಯವರು ಒಳಗೆ ಬಂದು ತಮ್ಮ ಸ್ಕ್ರೂಡ್ರೈವರ್‌ಗಳ ಚೀಲ ತೆಗೆದುಕೊಂಡರು. ನನಗೆ "ಬರ್ತೇನೆ" ಎಂದು ಹೇಳಿ ಹೋದರು.

ಆಮೇಲೆ ಯಜಮಾನರು ಫೋನ್ ಮಾಡಿದರು, ಅವರು ಎತ್ತಲಿಲ್ಲ. ಮೂಡುಬಿದಿರೆಯ ಬಸ್ ನಿಲ್ದಾಣದ ಹತ್ತಿರ ಅವರು ಬೇರೆಯೇ ಒಂದು ಅಂಗಡಿ ಇಟ್ಟ ಸುದ್ದಿ ಬಂತು. ಇಲ್ಲಿ ಆರು ಗಂಟೆಗೆ ಹೋಟೆಲಿನವರು ಅಭ್ಯಾಸದಂತೆ ಎರಡು ಚಾ ತರುತ್ತಿದ್ದರು, ಒಂದನ್ನು ಯಜಮಾನರು ನನ್ನ ಮೇಜಿಗೆ ದೂಡುತ್ತಿದ್ದರು.

"ಆ ಮಾತು ಬಾಯಿಂದ ಬಂದೇ ಹೋಯ್ತು," ಎಂದು ಒಂದು ದಿನ ಅವರಾಗಿಯೇ ಹೇಳಿದರು. "ಅವ ಒಮ್ಮೆ ಈ ಬಾಗಿಲಿಂದ ಒಳಗೆ ಬಂದ್ರೆ ಸಾಕು. ನಾನು ಹೇಳ್ತೇನೆ, ಹಾಗಲ್ಲ ಅಂತ. ಎದುರು ನಿಂತು ಹೇಳ್ಬೇಕು ಅದನ್ನು."

ನನ್ನ ಅಮ್ಮ ಆಗ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇನ್ನೂ ಅಲ್ಲಿಗೇ ಹೋಗುದಾ ನೀನು?" ನಾನು ಹೂಂ ಎನ್ನುತ್ತಿದ್ದೆ. ಬಸ್ಸಿನಲ್ಲಿ ಪಕ್ಕ ಕೂತವರೂ ಅದನ್ನೇ ಕೇಳತೊಡಗಿದರು.

2007ರ ಮಳೆಗಾಲಕ್ಕೆ ಅಂಗಡಿಗೆ ಹೊಸ ಹುಡುಗರು ಬಂದರು. ಅವರಲ್ಲಿ ಚುರುಕಾಗಿದ್ದವನು ಬೆಳ್ತಂಗಡಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಒಬ್ಬ ಡಿಪ್ಲೊಮಾ ಹುಡುಗ. ಮೂಡುಬಿದಿರೆಯವರಿಂದ ಕಲಿತ ಆಟವನ್ನು ನಾನು ಈ ಹುಡುಗರಿಗೆ ಹೇಳಿಕೊಡತೊಡಗಿದೆ. ನನ್ನದೊಂದು ಕ್ರಮ ಇತ್ತು. ಮೊದಲ ವಾರ ಹಡಗು ಕಟ್ಟಲು ಬಿಡುತ್ತಿರಲಿಲ್ಲ, ಬರೀ ಗಣಿ ಮತ್ತು ವಿದ್ಯುತ್ತು. ಎರಡನೇ ವಾರ ಸಾಮಾನು ಹೊರುವ ಹಡಗು, ಅದನ್ನು ಕಳಿಸಿ ತರಿಸುವ ಅಭ್ಯಾಸ. ಆಮೇಲೆ ಯುದ್ಧದ ಹಡಗು. ಕೊನೆಯ ಪಾಠ, ಗೆಳೆಯನ ಗ್ರಹಕ್ಕೆ ದಾಳಿ ಬರುವಾಗ ಕಾವಲಿಗೆ ಹೋಗುವುದು. ದಾಳಿ ಮಾಡುವವನು ತನ್ನ ಹಡಗುಗಳನ್ನು ತಲುಪುವ ಮೊದಲು ಯಾವಾಗ ಬೇಕಾದರೂ ಹಿಂದೆ ಕರೆಯಬಹುದು. ಕಾವಲು ಮೊದಲೇ ಕಂಡರೆ ಅವನು ಕರೆಸಿಕೊಳ್ಳುತ್ತಾನೆ. ಆದ್ದರಿಂದ ಕಾವಲಿನವರು ಅವನಿಗಿಂತ ಎರಡು ಮೂರು ಸೆಕೆಂಡು ಮೊದಲು ಮಾತ್ರ ತಲುಪಬೇಕು. ಇದೂ ಮೂಡುಬಿದಿರೆಯವರು ನನಗೆ ಕಲಿಸಿದ್ದೇ. ಹೊಸ ಹುಡುಗರನ್ನು ಬೇರೆ ಊರಿನವರು ತುಳಿಯದಿರಲೆಂದು ನಾನು ಅವರನ್ನೆಲ್ಲ ನನ್ನ ಗ್ರಹದ ಆಸುಪಾಸಿನಲ್ಲೇ ನೆಲೆಗೊಳಿಸಿದೆ. ನನ್ನ ಗ್ರಹವೋ ಮೂಡುಬಿದಿರೆಯವರು ಹಿಂದೆ ಹುಡುಕಿಕೊಟ್ಟ ಜಾಗದಲ್ಲಿ, ಅವರದ್ದಕ್ಕೆ ಹತ್ತಿರ ಇತ್ತು.

ಯಜಮಾನರು ಒಂದು ದಿನ ನನ್ನ ಹಿಂದೆ ಬಂದು ನಿಂತರು.

"ಅವ ಈಗಲೂ ಇದರಲ್ಲಿ ಉಂಟಾ?"

"ಉಂಟು ಅಣ್ಣ. ಇಗೊಳ್ಳಿ, ಇದು ಅವರ ಗ್ರಹ."

ಅವರು ಬಗ್ಗಿ ಆ ಸಾಲನ್ನು ಓದಿದರು. "ಹಾಗಾದ್ರೆ ನನಗೂ ಒಂದು ಮಾಡಿ ಕೊಡು. ಅವನ ಹತ್ರ ಇರುವ ಹಾಗೆ."

"ಮೊದಲ ಗ್ರಹ ಆಟದವರು ಎಲ್ಲಿಯೋ ಕೊಡ್ತಾರೆ. ಹತ್ತಿರ ಬೇಕಾದ್ರೆ ನೆಲೆ ಹೂಡುವ ಹಡಗು ಕಟ್ಟಿ ಕಳಿಸ್ಬೇಕು. ಎರಡು ತಿಂಗಳು ಹಿಡೀಬಹುದು."

"ಆಗಲಿ. ವೀಸಾಕ್ಕೆ ಅದಕ್ಕಿಂತ ಹೆಚ್ಚು ಕಾದಿದ್ದೇನೆ."

ಅವರು ಒಂದು ಬೆರಳಿನಲ್ಲಿ ಟೈಪ್ ಮಾಡುವವರು. ಗಣಿಯ ಮಟ್ಟ ಏರಿಸುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಬೇರೆಯವರ ಮೇಲೆ ದಾಳಿ ಮಾಡಿದರೆ ಬೇಗ ಬೆಳೆಯಬಹುದು ಎಂದು ಹೇಳಿದೆ. "ಗುರುತಿಲ್ಲದವರ ಮನೆಗೆ ಯಾಕೆ ನುಗ್ಗುವುದು?" ಎಂದರು. ಹುಡುಗರು ಅವರನ್ನು ದಾಟಿ ಮುಂದೆ ಹೋದರು. ಬೆಳ್ತಂಗಡಿಯ ಹುಡುಗ, "ಕಾಕ, ನಿಮ್ಮ ಗ್ರಹಕ್ಕೆ ಪಂಚಾಯತಿನಿಂದ ರಸ್ತೆ ಹಾಕಿಸುವನಾ?" ಎಂದು ನಗಾಡಿದ. "ನೀನು ಮೊದಲು ನಿನ್ನ ಬ್ಯಾಕ್ ಪೇಪರಿಗೆ ರಸ್ತೆ ಹಾಕಿಸು," ಎಂದರು ಯಜಮಾನರು.

ಜುಲೈ ಕೊನೆಗೆ ನೆಲೆ ಹೂಡುವ ಹಡಗು ಸಿದ್ಧವಾಯಿತು. ಆ ಆಟದಲ್ಲಿ ಒಂದು ಸೂರ್ಯನ ಸುತ್ತ ಕೆಲವೇ ಗ್ರಹಗಳಿಗೆ ಜಾಗ. ಮೂಡುಬಿದಿರೆಯವರ ಪಕ್ಕದ ಜಾಗ ಖಾಲಿ ಇತ್ತು. ಪಟ್ಟಿಯಲ್ಲಿ ಅವರ ಸಾಲಿನ ಕೆಳಗಿನ ಸಾಲಿನಲ್ಲೇ ಯಜಮಾನರ ಹೊಸ ಗ್ರಹ ಬಂತು. ಹೆಸರು ಏನು ಎಂದು ಕೇಳಿದೆ. ಅವರು ನನ್ನನ್ನು ಸರಿಸಿ, ತಾವೇ ಒಂದೊಂದೇ ಅಕ್ಷರ ಒತ್ತಿ ಗೋಳಿಬಜೆ ಎಂದು ಇಂಗ್ಲಿಷಿನಲ್ಲಿ ಬರೆದರು.

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೇ ದಿನ ಸಂಜೆ ಯಜಮಾನರ ಪರದೆಯ ಮೇಲೆ ಕೆಂಪು ಗೆರೆ ಬಂತು. ದಾಳಿಯ ಹಡಗುಗಳು ಹೊರಟಿವೆ, ಇಷ್ಟು ಹೊತ್ತಿಗೆ ತಲುಪುತ್ತವೆ ಎಂದು ತಿಳಿಸುವ ಗೆರೆ ಅದು. ಹೆಸರು ಮೂಡುಬಿದಿರೆಯವರದ್ದು. ತಲುಪುವ ಹೊತ್ತು ಸರಿಯಾಗಿ ಆರು ಗಂಟೆ.

"ಅಣ್ಣ, ಲೋಹವನ್ನೆಲ್ಲ ಹಡಗಿಗೆ ತುಂಬಿಸಿ ಬೇರೆ ಕಡೆ ಕಳಿಸಿ, ಬೇಗ," ಎಂದೆ. ಅದೇ ನನ್ನ ಪಾಠ.

"ಬೇಡ. ಇರಲಿ."

"ಎಲ್ಲ ತೆಗೊಂಡು ಹೋಗ್ತಾರೆ!"

"ತೆಗೊಂಡು ಹೋಗಲಿ. ಅವ ಬರ್ತಾ ಇದ್ದಾನಲ್ಲ."

ಹೋಟೆಲಿನಿಂದ ಚಾ ಬಂತು. ಅವರು ಪ್ಲೇಟನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಂಡು, ನಿಮಿಷ ಸೆಕೆಂಡುಗಳು ಇಳಿಯುವುದನ್ನು ನೋಡುತ್ತ ಕೂತರು. ಆರು ಗಂಟೆಗೆ ವರದಿ ಬಂತು. ದಿನವಿಡೀ ಅಗೆದದ್ದರಲ್ಲಿ ಅರ್ಧ ಹೋಗಿತ್ತು. ಅವರು ಗೋಳಿಬಜೆ ಮುರಿದು ಬಾಯಿಗೆ ಹಾಕಿಕೊಂಡರು. ನಾನು ಅವರ ಪುಟದಲ್ಲಿ ಮೊದಲ ಗೀಟು ಎಳೆದೆ.

ಮರುದಿನವೂ ಬಂದರು, ಅದರ ಮರುದಿನವೂ. ಪ್ರತಿ ಸಲ ಆರು ಗಂಟೆಗೆ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ ಎಂದು ಅವರಷ್ಟು ಚೆನ್ನಾಗಿ ತಿಳಿದವರು ಬೇರೆ ಇರಲಿಲ್ಲ, ಆ ಹೊತ್ತಿಗೆ ಒಮ್ಮೆಯೂ ಬರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಯಜಮಾನರು ಲೋಹವನ್ನು ಖರ್ಚು ಮಾಡದೆ ಇಡತೊಡಗಿದರು. ಗಣಿ ಏರಿಸಲಿಕ್ಕೂ ಮುಟ್ಟುತ್ತಿರಲಿಲ್ಲ. ಕಾವಲು ಫಿರಂಗಿ ಕಟ್ಟಿ ಎಂದು ನಾನು ಹೇಳಿದರೆ, "ಬರುವವನಿಗೆ ಬಾಗಿಲು ಹಾಕುದಾ?" ಎನ್ನುತ್ತಿದ್ದರು.

"ನಿಮ್ಮದು ಅಂತ ಅವರಿಗೆ ಗೊತ್ತುಂಟಾ ಅಂತಲೇ ಗೊತ್ತಿಲ್ಲ ಅಣ್ಣ."

"ಈ ಹೆಸರು ಬೇರೆ ಯಾರು ಇಡ್ತಾರೆ?"

"ತುಳುನಾಡಿನವರು ಯಾರೂ ಇಡಬಹುದು."

ನಾನು ಹಾಗೆ ಹೇಳಿದ ಮೇಲೆ ಎರಡು ದಿನ ಅವರ ಮುಖ ಸಣ್ಣಗಾಗಿತ್ತು.

ಸೆಪ್ಟೆಂಬರ್ ನಡುವೆ ಉಪವಾಸದ ತಿಂಗಳು ಶುರುವಾಯಿತು. ಮೊದಲ ಸಂಜೆ ಆರು ಗಂಟೆಗೆ ಕೆಂಪು ಗೆರೆ ಬರಲಿಲ್ಲ. ಯಜಮಾನರು ಎರಡು ಸಲ ಪುಟವನ್ನು ಹೊಸದಾಗಿ ತೆರೆದು ನೋಡಿದರು, ಆಮೇಲೆ ಮಸೀದಿಗೆ ಹೋದರು. ಉಪವಾಸ ಬಿಟ್ಟು, ನಮಾಜು ಮುಗಿಸಿ ತಿರುಗಿ ಬಂದು ಚಾದ ಲೋಟ ಹಿಡಿದಾಗ ಗೆರೆ ಬಂದಿತ್ತು. ತಲುಪುವ ಹೊತ್ತು ಏಳು ಗಂಟೆ.

ಇಬ್ಬರೂ ಪರದೆಯನ್ನೇ ನೋಡಿದೆವು. ಹೊರಗೆ ಕತ್ತಲಾಗಿತ್ತು.

"ಕತ್ತಲಾದ ಮೇಲೆ ಬರ್ತಾ ಇದ್ದಾನೆ ಇಂದ್ರ," ಎಂದರು ಯಜಮಾನರು. ನಾನು ಆ ದಿನ ಗೀಟು ಎಳೆಯಲಿಲ್ಲ. ಆಮೇಲೂ ಎಳೆಯಲಿಲ್ಲ, ಲೆಕ್ಕ ಅಲ್ಲಿಗೇ ನಿಂತಿದೆ.

ಹಬ್ಬಕ್ಕೆ ಅವನನ್ನು ಕರೆಯಬೇಕು ಎಂದು ಅವರು ಹೇಳತೊಡಗಿದರು. ಆಟದಲ್ಲೇ ಒಂದು ಸಂದೇಶ ಕಳಿಸುವ ಎಂದರೆ, "ಹಬ್ಬ ಹತ್ರ ಬರಲಿ, ಈಗಲೇ ಬೇಡ, ಹೆದರಿ ಹೋದಾನು," ಎಂದರು. ಹಕ್ಕಿಯ ವಿಷಯ ಮಾತಾಡುವಂತೆ ಮಾತಾಡುತ್ತಿದ್ದರು.

ಹುಡುಗರಿಗೆ ಇದೆಲ್ಲ ತಿಳಿದಿರಲಿಲ್ಲ. ಅವರು ಬರುವ ಮೊದಲೇ ಮೂಡುಬಿದಿರೆಯವರು ಹೋಗಿ ಆಗಿತ್ತು. ಅವರಿಗೆ ಕಂಡದ್ದು ಒಂದೇ: ಯಾರೋ ಬಲಶಾಲಿ ತಮ್ಮ ಕಾಕನನ್ನು ದಿನಾ ದೋಚುತ್ತಿದ್ದಾನೆ, ಕಾಕನಿಗೆ ತಡೆಯಲು ಬರುವುದಿಲ್ಲ.

ಅಕ್ಟೋಬರ್ ಮೊದಲ ವಾರ ನನಗೆ ಮೂಡುಬಿದಿರೆಯ ಕಾಲೇಜಿನಲ್ಲಿ ಪರೀಕ್ಷೆ ಇತ್ತು. ತಿರುಗಿ ಬರುವಾಗ ಸಿದ್ದಕಟ್ಟೆಯ ಹತ್ತಿರ ಬಸ್ಸು ಕೆಟ್ಟು ನಿಂತು, ಅಂಗಡಿ ತಲುಪಿದಾಗ ಏಳು ದಾಟಿತ್ತು. ಹೊರಗಿನಿಂದಲೇ ಕೂಗಾಟ ಕೇಳಿಸಿತು. ಹುಡುಗರು ಯಜಮಾನರ ಕಂಪ್ಯೂಟರನ್ನು ಮುತ್ತಿಕೊಂಡು ನಿಂತಿದ್ದರು.

"ಅಕ್ಕ, ಬನ್ನಿ ಬನ್ನಿ! ಪುಡಿ ಮಾಡಿದೆವು!"

ಯಜಮಾನರು ಪಾಣೆಮಂಗಳೂರಿನ ಸಂಬಂಧಿಕರ ಮನೆಗೆ ಉಪವಾಸ ಬಿಡಲು ಹೋಗಿದ್ದರು, ಆಟವನ್ನು ತೆರೆದೇ ಇಟ್ಟು. ಕೆಂಪು ಗೆರೆ ಬಂದದ್ದನ್ನು ಬೆಳ್ತಂಗಡಿಯ ಹುಡುಗ ನೋಡಿದ. ಅಲ್ಲಿದ್ದ ಹುಡುಗರು ಮೂವರೂ ತಮ್ಮ ತಮ್ಮ ಹಡಗುಗಳ ವೇಗವನ್ನು ಹಿಂದೆ ಮುಂದೆ ಮಾಡಿ, ದಾಳಿಗಿಂತ ಎರಡೇ ಸೆಕೆಂಡು ಮೊದಲು ಗೋಳಿಬಜೆಗೆ ತಲುಪಿಸಿದ್ದರು. ಮೂಡುಬಿದಿರೆಯವರು ಲೋಹ ಹೊತ್ತುಕೊಂಡು ಹೋಗಲೆಂದು ಎಲ್ಲ ಹಡಗುಗಳನ್ನೂ ತಂದಿದ್ದರು. ಒಂದೂ ಉಳಿದಿರಲಿಲ್ಲ.

"ನೀವು ಹೇಳಿಕೊಟ್ಟ ಹಾಗೆಯೇ ಅಕ್ಕ, ಎರಡು ಸೆಕೆಂಡು," ಎಂದು ಬೆಳ್ತಂಗಡಿಯ ಹುಡುಗ ಬೆರಳೆತ್ತಿ ತೋರಿಸಿದ. ಅವನ ಕಣ್ಣು ಹೊಳೆಯುತ್ತಿತ್ತು. ಅಂಥ ಲೆಕ್ಕವನ್ನು ನಾನೂ ಅಷ್ಟು ಸರಿಯಾಗಿ ಯಾವತ್ತೂ ಹಾಕಿರಲಿಲ್ಲ.

ಯಜಮಾನರು ಆಗಲೇ ಒಳಗೆ ಬಂದರು, ಕೈಯಲ್ಲಿ ಸಮೋಸದ ಪೊಟ್ಟಣ.

"ಕಾಕ, ಇನ್ನು ಅವ ನಿಮ್ಮ ತಂಟೆಗೆ ಬರ್ಲಿಕ್ಕಿಲ್ಲ! ಅವನ ಕಥೆ ಮುಗೀತು!"

ಅವರು ವರದಿಯನ್ನು ಓದಿದರು. ಮೇಲಿನಿಂದ ಕೆಳಗೆ ಓದಿ, ಇನ್ನೊಮ್ಮೆ ಮೇಲಕ್ಕೆ ಹೋದರು. ಆಮೇಲೆ ಪೊಟ್ಟಣ ಬಿಚ್ಚಿ ಹುಡುಗರ ಕೈಗೆ ಕೊಟ್ಟು, "ತಿನ್ನಿ, ಬಿಸಿ ಉಂಟು," ಎಂದರು. ಬೈಯಲಿಲ್ಲ. ಅವರು ಬೈದಿದ್ದರೆ ಹುಡುಗರಿಗೆ ಯಾಕೆಂದು ಅರ್ಥವಾಗುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ನನ್ನನ್ನು ಕರೆದರು. "ಅವನಿಗೆ ಎಂತಾದ್ರೂ ಕಳ್ಸಿ ಕೊಡ್ಲಿಕ್ಕೆ ಆಗ್ತದಾ?"

ಆಗುತ್ತದೆ ಎಂದೆ. ಗೋಳಿಬಜೆಯಲ್ಲಿದ್ದ ಲೋಹವನ್ನೆಲ್ಲ ಸಾಮಾನಿನ ಹಡಗಿಗೆ ತುಂಬಿಸಿ ಪಕ್ಕದ ಗ್ರಹಕ್ಕೆ ಕಳಿಸಿದೆವು. ಜೊತೆಗೆ ಒಂದು ಸಂದೇಶ ಬೇಕು ಎಂದರು. ಅವರು ಹೇಳಿದಂತೆ ನಾನು ಟೈಪ್ ಮಾಡಿದೆ.

"ಬರಿ, ಅದು ನಾನು ಮಾಡಿದ್ದಲ್ಲ, ಹುಡುಗರು... ಬೇಡ, ಅಳಿಸು. ಮಕ್ಕಳ ಮೇಲೆ ಹಾಕಿದ ಹಾಗೆ ಆಗ್ತದೆ. ಬರಿ, ಅವತ್ತು ನಾನು ಹೇಳಿದ ಮಾತು... ಅದೂ ಬೇಡ. ಅದನ್ನು ಇದರಲ್ಲಿ ಬರೀಲಿಕ್ಕೆ ಆಗುದಿಲ್ಲ."

ಕೊನೆಗೆ, "ಚಾ ಆಯ್ತಾ ಅಂತ ಬರಿ," ಎಂದರು. ಅಷ್ಟನ್ನೇ ಬರೆದು ಕಳಿಸಿದೆ. ಲೋಹ ತಲುಪಿದ ವರದಿ ಬಂತು. ಸಂದೇಶಕ್ಕೆ ಉತ್ತರ ಬರಲಿಲ್ಲ. ಆ ಸಂಜೆ ಏಳು ಗಂಟೆಗೆ ಯಾರೂ ಬರಲಿಲ್ಲ.

ಮುಂದಿನ ಪರೀಕ್ಷೆ ಮುಗಿಸಿದ ದಿನ ನಾನು ಮೂಡುಬಿದಿರೆಯ ಬಸ್ ನಿಲ್ದಾಣದ ಹತ್ತಿರದ ಅವರ ಅಂಗಡಿ ಹುಡುಕಿಕೊಂಡು ಹೋದೆ. ಒಳಗೆ ಐದಾರು ಕಂಪ್ಯೂಟರುಗಳು, ಎಲ್ಲದರ ಮುಂದೆಯೂ ಹುಡುಗರು. ನಮ್ಮ ಆಟವೇ. ಮೂಡುಬಿದಿರೆಯವರು ನನ್ನನ್ನು ಕಂಡು ಎದ್ದು ಹೊರಗೆ ಬಂದರು. ಬಾಗಿಲಿನಿಂದ ಸ್ವಲ್ಪ ದೂರ ಹೋಗಿ ನಿಂತರು.

"ಪರೀಕ್ಷೆ ಹೇಗೆ ಆಯ್ತು?"

"ಆಯ್ತು. ಅಣ್ಣ, ಅವತ್ತು ಅದು ಅವರು ಮಾಡಿಸಿದ್ದಲ್ಲ. ಹುಡುಗರು ಅವರಷ್ಟಕ್ಕೆ ಮಾಡಿದ್ದು. ಅವರು ಪಾಣೆಮಂಗಳೂರಿಗೆ ಹೋಗಿದ್ರು."

"ಗೊತ್ತುಂಟು ಮಾರಾಯ್ತಿ. ಎರಡು ಸೆಕೆಂಡಿನ ಲೆಕ್ಕ ಹಾಕ್ಲಿಕ್ಕೆ ಬ್ಯಾರಿಗೆ ಎಲ್ಲಿ ಬರ್ತದೆ? ಅವ ಚಿಲ್ಲರೆ ಎಣಿಸುವಾಗಲೇ ತಪ್ಪುವವ." ಅವರು ನಕ್ಕರು. "ಗೋಳಿಬಜೆ ಅಂತ ಹೆಸರಿಟ್ಟದ್ದು ಅವನೇ ಅಲ್ವಾ?"

"ಅವರೇ. ಒಂದು ಬೆರಳಲ್ಲಿ."

ಅವರು ರಸ್ತೆಯ ಕಡೆ ಮುಖ ತಿರುಗಿಸಿದರು.

"ಮತ್ತೆ ಯಾಕೆ ಬರುದಿಲ್ಲ ಅಣ್ಣ?"

"ಒಳಗೆ ಕೂತವರನ್ನು ನೋಡಿದ್ಯಲ್ಲ. ನಾನು ದಿನಾ ಅವನನ್ನು ದೋಚ್ತೇನೆ ಅಂತ ಅವರಿಗೆ ಭಾರಿ ಖುಷಿ. ಬಂಟ್ವಾಳದ ಬ್ಯಾರಿಯನ್ನು ದೋಚಿದ್ರು ಅಂತ ಪೇಟೆಯಲ್ಲೆಲ್ಲ ಹೇಳ್ಕೊಂಡು ಬರ್ತಾರೆ. ಯಾರೂ ಒಂದು ಮಾತು ಕೇಳುದಿಲ್ಲ. ಅವನ ಹತ್ರ ಫೋನಲ್ಲಿ ಮಾತಾಡಿದೆ ಅಂತ ಆದ್ರೆ ಆಗ ಕೇಳ್ತಾರೆ. ಮನೆಗೆ ಬಂದು ಕೇಳ್ತಾರೆ." ಅವರು ಸ್ವರ ತಗ್ಗಿಸಿದರು. "ನನಗೆ ಹೋಗ್ಲಿಕ್ಕೆ ಇದ್ದ ದಾರಿ ಅದೊಂದೇ. ಈಗ ನನ್ನ ಹಡಗು ಹೋಯ್ತು ಅಂತ ಇವರಿಗೆ ಸಿಟ್ಟು. ಎಲ್ಲ ಒಟ್ಟಾಗಿ ಬಂಟ್ವಾಳದ ಮೇಲೆ ಹೋಗುವ ಅಂತಾರೆ. ಆಟದ್ದೇ ಮಾತು. ಆದ್ರೆ ಅದು ಎಲ್ಲಿಗೆ ತಿರುಗ್ತಾ ಉಂಟು ಅಂತ ನೀನು ಕೇಳಬೇಕು."

"ನೀವು ಎಂತ ಹೇಳಿದ್ರಿ?"

"ನಾನು ಆಟವೇ ಬಿಟ್ಟೆ ಅಂದೆ. ನಾನೇ ಇಲ್ಲದಿದ್ರೆ ಯಾರಿಗೋಸ್ಕರ ಸೇಡು? ಗ್ರಹ ಅಳಿಸ್ಲಿಕ್ಕೆ ಕೊಟ್ಟಾಯ್ತು. ಏಳು ದಿನ ಬೇಕಂತೆ ಅದು ಹೋಗ್ಲಿಕ್ಕೆ."

"ಚಾ ಆಯ್ತಾ ಅಂತ ಕೇಳಿದ್ರು ಅವರು."

"ನೋಡಿದೆ."

"ಒಮ್ಮೆ ಬಂದು ಹೋಗಿ. ಹಬ್ಬಕ್ಕೆ ಕರೀಬೇಕು ಅಂತ ಇದ್ದಾರೆ. ಎದುರು ನಿಂತು ಒಂದು ಮಾತು ಹೇಳ್ಲಿಕ್ಕೆ ಉಂಟಂತೆ."

"ಫೋನ್ ಮಾಡ್ತೇನೆ ಅಂತ ಹೇಳು. ಎಲ್ಲ ಸ್ವಲ್ಪ ತಣ್ಣಗಾಗಲಿ." ಒಳಗಿನಿಂದ ಯಾರೋ ಅವರನ್ನು ಕರೆದರು. "ಬರ್ತೇನೆ," ಎಂದು ಹೇಳಿ ಹೋದರು. ಅವತ್ತೂ ಅದೇ ಮಾತು.

ಇದ್ದದ್ದನ್ನು ಇದ್ದ ಹಾಗೆ ಯಜಮಾನರಿಗೆ ಹೇಳಿದೆ, ಪೇಟೆಯಲ್ಲಿ ಹೇಳಿಕೊಂಡು ಬರುವ ಮಾತನ್ನು ಬಿಟ್ಟು. ಅವರು ಫೋನನ್ನು ಕಿಸೆಯಿಂದ ತೆಗೆದು ಮೇಜಿನ ಮೇಲೆ ಇಟ್ಟರು. ಹಬ್ಬದವರೆಗೆ ಅದು ಅಲ್ಲೇ ಇರುತ್ತಿತ್ತು, ಚಾದ ಲೋಟದ ಪಕ್ಕ. ಹಬ್ಬ ಕಳೆಯಿತು. ಫೋನ್ ಬರಲಿಲ್ಲ. ಆಮೇಲೆ ಬಂದಿದ್ದರೆ ನನಗೆ ಹೇಳುತ್ತಿದ್ದರು.

ಏಳನೇ ದಿನ ಪಟ್ಟಿಯಲ್ಲಿ ಗೋಳಿಬಜೆಯ ಮೇಲಿನ ಸಾಲು ಖಾಲಿಯಾಯಿತು. ಯಜಮಾನರು ಅದರ ಮೇಲೆ ಬೆರಳಿಟ್ಟರು.

"ಇಲ್ಲಿಗೆ ಇನ್ನು ಯಾರು ಬೇಕಾದ್ರೂ ಬರಬಹುದಾ?"

"ಯಾರು ಬೇಕಾದ್ರೂ. ಮೊದಲು ಬಂದವರದ್ದು."

"ಹಾಗಾದ್ರೆ ನಾವೇ ತೆಗೊಳ್ಳುವ."

ನೆಲೆ ಹೂಡುವ ಇನ್ನೊಂದು ಹಡಗು ಕಟ್ಟಿ ಕಳಿಸಿದೆವು. ಜಾಗ ಸಿಕ್ಕಿತು. ಹೆಸರು ಕೇಳಿದ್ದಕ್ಕೆ ಬೇಡ ಎಂದರು. ಗಣಿ ಅಗೆಯಲಿಲ್ಲ, ಏನೂ ಕಟ್ಟಲಿಲ್ಲ. ಅದು ಹಾಗೇ ಬರೀ ನೆಲವಾಗಿ ಉಳಿಯಿತು.

ಉಪವಾಸದ ತಿಂಗಳು ಮುಗಿದಿದ್ದರಿಂದ ಚಾ ಮತ್ತೆ ಆರು ಗಂಟೆಗೆ ಬರತೊಡಗಿತ್ತು. ಆ ಹೊತ್ತಿಗೆ ಯಜಮಾನರು ಗೋಳಿಬಜೆಯಿಂದ ಒಂದು ಖಾಲಿ ಹಡಗನ್ನು ಆ ಪಕ್ಕದ ಜಾಗಕ್ಕೆ ಕಳಿಸುತ್ತಿದ್ದರು. ಅದು ಹೋಗಿ ತಿರುಗಿ ಬರಲು ಹಿಡಿಯುವಷ್ಟು ಹೊತ್ತು ಕೂತಿರುತ್ತಿದ್ದರು. 2008ರಲ್ಲಿ ನನಗೆ ಬೆಳ್ತಂಗಡಿಯ ಕೆಲಸ ಸಿಕ್ಕಿತು. ಅಂಗಡಿ ಬಿಡುವ ಕೊನೆಯ ವಾರ ಬೆಳ್ತಂಗಡಿಯ ಹುಡುಗ ಅದನ್ನು ನೋಡಿ ತಡೆಯಲಾರದೆ ಕೇಳಿದ:

"ಕಾಕ, ಖಾಲಿ ಹಡಗನ್ನು ಯಾಕೆ ಕಳಿಸುದು? ಇಂಧನ ದಂಡ ಅಲ್ವಾ?"

"ಏಳುವ ಮೊದಲು ಹಡಗು ಹೊರಗೆ ಕಳಿಸ್ಬೇಕು ಅಂತ ಹೇಳಿಕೊಟ್ಟದ್ದು ನಿನ್ನ ಅಕ್ಕನೇ. ಬೇಕಾದ್ರೆ ಕೇಳು."

ಹುಡುಗ ನನ್ನ ಕಡೆ ನೋಡಿದ. ನಾನು ಹೌದು ಎಂದೆ. ಯಜಮಾನರು ತಣ್ಣಗಾದ ಚಾ ಕುಡಿದು, ಶಟರ್ ಎಳೆಯುವ ಕೊಕ್ಕೆ ಹುಡುಕತೊಡಗಿದರು.